ಬಾನೆಟ್ ಮೇಲಿನ ಬಾಟಲಿ

ನನಗೆ ಸಿಟ್ಟು ಬೇಗ ಬರುತ್ತದೆ. ಸಾಗರದಲ್ಲಿರುವ ನನ್ನ ಲ್ಯಾಬಿನ ಬಾಗಿಲಿಗೆ ಒಮ್ಮೆ ಬಂದವರಿಗೆಲ್ಲ ಇದು ಗೊತ್ತು. ಅದರಲ್ಲೂ ಹೊಸನಗರದ ಬಸ್ಸಿನ ಕಂಡಕ್ಟರು ಪ್ಲಾಸ್ಟಿಕ್ ಕವರಿನಲ್ಲಿ ಮೂತ್ರದ ಬಾಟಲಿಗಳನ್ನು ತಂದು ಮೇಜಿನ ಮೇಲಿಟ್ಟಾಗ, ಮುಟ್ಟಿ ನೋಡಿದರೆ ಅವು ಆಗಷ್ಟೇ ಸೋಸಿದ ಕಾಫಿಯ ಹಾಗೆ ಬೆಚ್ಚಗಿದ್ದರೆ, ನನ್ನ ದನಿ ಎದುರು ಸಾಲಿನ ಬೇಕರಿಯವರೆಗೂ ಕೇಳುತ್ತಿತ್ತಂತೆ. ಬೇಕರಿಯವರೇ ಹೇಳಿದ್ದು.

ನಾನು ಓದಿದ್ದು ಮೈಕ್ರೊಬಯಾಲಜಿ. ಮೂತ್ರ, ರಕ್ತ, ಕೀವು ಏನೇ ಬಂದರೂ ಅದರಲ್ಲಿರುವ ಕ್ರಿಮಿಯನ್ನು ಬೆಳೆಸಿ, ಅದು ಯಾವುದು, ಯಾವ ಔಷಧಿಗೆ ಬಗ್ಗುತ್ತದೆ ಎಂದು ವೈದ್ಯರಿಗೆ ತಿಳಿಸುವುದು ನನ್ನ ಕೆಲಸ. ಹೊಸನಗರ, ರಿಪ್ಪನ್‌ಪೇಟೆ, ತೀರ್ಥಹಳ್ಳಿ ಕಡೆಯ ವೈದ್ಯರು ಸ್ಯಾಂಪಲ್ ತೆಗೆದು ಬಸ್ಸಿಗೆ ಕೊಟ್ಟು ಕಳಿಸುತ್ತಾರೆ. ನಮ್ಮಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗದಿಂದ ಮದುವೆಯ ಕಾಗದದವರೆಗೆ ಎಲ್ಲವೂ ಬಸ್ಸಿನಲ್ಲೇ ಓಡಾಡುವುದರಿಂದ ಇದರಲ್ಲಿ ವಿಶೇಷವೇನಿಲ್ಲ. ತೊಂದರೆಯೆಂದರೆ ಕಂಡಕ್ಟರು ಅವನ್ನು ಡ್ರೈವರಿನ ಪಕ್ಕದ ಬಾನೆಟ್ ಮೇಲೆ ಇಡುತ್ತಿದ್ದರು. ಅಡಿಯಲ್ಲಿ ಎಂಜಿನ್. ಹೊಸನಗರದಲ್ಲಿ ಬಾಟಲಿಗೆ ಬಿದ್ದ ನಾಲ್ಕು ಕ್ರಿಮಿಗಳು ಆ ಬಿಸಿಗೆ ಮರಿ ಹಾಕಿ, ಸಾಗರದ ಸ್ಟ್ಯಾಂಡಿನಲ್ಲಿ ಇಳಿಯುವಾಗ ಒಂದು ಊರೇ ಆಗಿರುತ್ತಿದ್ದವು. ರೋಗಿಗೆ ನಿಜಕ್ಕೂ ಸೋಂಕಿದೆಯೋ, ಬಾನೆಟ್ಟಿನ ಕೃಪೆಯೋ ಎಂದು ಹೇಳುವುದು ಹೇಗೆ? "ಮಿಶ್ರ ಬೆಳವಣಿಗೆ, ಮತ್ತೊಮ್ಮೆ ಕಳಿಸಿ" ಎಂದು ಬರೆದು ಬರೆದು ನನಗೆ ಸಾಕಾಗಿತ್ತು.

"ಒಳ್ಳೆ ಜಾಗ ಅಂತ್ಲೇ ಅಲ್ಲಿಟ್ಟಿದ್ದು ಡಾಕ್ಟ್ರಮ್ಮ," ಎಂದಿದ್ದರು ಕಂಡಕ್ಟರು. ನಡುವಯಸ್ಸು ದಾಟಿದವರು, ಸಣ್ಣ ಮೈಕಟ್ಟು, ಎಡ ಹೆಗಲಿಂದ ಇಳಿಬಿದ್ದ ಚರ್ಮದ ಬ್ಯಾಗು, ಕೊರಳಲ್ಲಿ ಸೀಟಿ. ಇಂಥ ಸ್ಟಾಪಿನಲ್ಲಿ ಇಂಥ ಅಜ್ಜಿ ಹತ್ತುತ್ತಾಳೆ, ಅವಳು ಬಾರದಿದ್ದರೆ ಬಸ್ಸು ಎರಡು ನಿಮಿಷ ಕಾಯಬೇಕು ಎಂಬುದೆಲ್ಲ ಅವರ ತಲೆಯಲ್ಲಿರುತ್ತಿತ್ತು. ಆವತ್ತು ನಾನು ಅವರ ಮಾತು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಮೂತ್ರ ತಣ್ಣಗಿರಬೇಕು, ಐಸಿನಲ್ಲಿ ಬರಬೇಕು, ಇಲ್ಲವಾದರೆ ಬಾಟಲಿಯನ್ನೂ ನಿಮ್ಮನ್ನೂ ಒಳಗೆ ಬಿಡುವುದಿಲ್ಲ ಎಂದು ಕೂಗಾಡಿದೆ.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಘಾಟಿಯ ಕೆಳಗಿನಿಂದ ಮೀನು ತುಂಬಿಕೊಂಡು ಬರುವ ಥರ್ಮಾಕೋಲ್ ಪೆಟ್ಟಿಗೆಯೊಂದನ್ನು ಎಲ್ಲಿಂದಲೋ ಸಂಪಾದಿಸಿ, ಸೀಗೆಪುಡಿ ಹಾಕಿ ತೊಳೆದು, ಐಸ್ ತುಂಬಿಸಿ, ಅದರಲ್ಲಿ ಬಾಟಲಿ ತರತೊಡಗಿದರು. ಏನು ತೊಳೆದರೂ ಮೀನಿನ ವಾಸನೆ ಪೂರ್ತಿ ಹೋಗಲಿಲ್ಲ. ರಿಪ್ಪನ್‌ಪೇಟೆಯಲ್ಲಿ ಯಾರೋ ಬಸ್ ಹತ್ತಿ, ಬಂಗುಡೆ ಹೇಗೆ ಕೊಡ್ತೀರಿ ಎಂದು ಕೇಳಿದರಂತೆ. ಇದು ಬಂಗುಡೆಯಲ್ಲ ಮಾರಾಯ್ರೆ, ಹೊಸನಗರದವರ ಉಚ್ಚೆ ಎಂದು ಇವರು ಹೇಳಿದ್ದಕ್ಕೆ ಇಡೀ ಬಸ್ಸು ಆನಂದಪುರದವರೆಗೆ ನಕ್ಕಿತಂತೆ. ಈ ಕಥೆಯನ್ನು ಅವರು ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಪ್ರತಿ ಸಲವೂ ನಾನು ನಕ್ಕಿದ್ದೇನೆ.

ಆ ಪೆಟ್ಟಿಗೆ ಬಂದ ಮೇಲೆ ನನ್ನ ಲ್ಯಾಬಿನ ಮಾತಿಗೆ ಬೆಲೆ ಬಂತು. ಹೀಗೆ ಎಲ್ಲ ಸುಸೂತ್ರವಾಗಿ ನಡೆಯುತ್ತಿರುವಾಗ ಒಂದು ದಿನ ಬಸ್ಸಿಗೆ ಬೇರೆ ಕಂಡಕ್ಟರು ಬಂದ. ಹೊಸಬ. ಕೈಯಲ್ಲಿ ಕವರು, ಕವರಿನಲ್ಲಿ ಒಂದೇ ಬಾಟಲಿ, ಮುಟ್ಟಿದರೆ ಬೆಚ್ಚಗೆ. ನಾನು ಬಾಯಿ ತೆರೆಯುವ ಮೊದಲೇ ಲೇಬಲ್ ಕಣ್ಣಿಗೆ ಬಿತ್ತು. ಅದರಲ್ಲಿದ್ದದ್ದು ನಮ್ಮ ಕಂಡಕ್ಟರ ಹೆಸರು.

ಹೊಸನಗರದ ವೈದ್ಯರ ಚೀಟಿಯಲ್ಲಿ ಸಣ್ಣ ಜ್ವರ, ಸೊಂಟನೋವು, ಮೂತ್ರದಲ್ಲಿ ಕೀವಿನ ಕಣ ಎಂದಿತ್ತು. ನನಗೂ ಏನೂ ಅನ್ನಿಸಲಿಲ್ಲ. ಕಂಡಕ್ಟರುಗಳಿಗೆ ಉರಿಮೂತ್ರ ಹೊಸದಲ್ಲ. ದಾರಿಯಲ್ಲಿ ಇಳಿಯಲು ಪುರಸೊತ್ತಿಲ್ಲವೆಂದು ನೀರೇ ಕುಡಿಯುವುದಿಲ್ಲ, ಬಂದದ್ದನ್ನು ಕಟ್ಟಿಕೊಂಡೇ ಕೊನೆಯ ಸ್ಟಾಪಿನವರೆಗೆ ನಿಂತಿರುತ್ತಾರೆ. ಸೊಂಟನೋವಿಗೆ ನಮ್ಮ ರಸ್ತೆಗಳೇ ಸಾಕು. ಲೂಪ್ ಎಂಬ ತಂತಿಯ ಕುಣಿಕೆಯಲ್ಲಿ ಒಂದು ಹನಿ ಎತ್ತಿ, ಕ್ರಿಮಿ ಬೆಳೆಸುವ ಪ್ಲೇಟಿನ ಮೇಲೆ ಗೆರೆ ಎಳೆದು, ಮೈಬಿಸಿಯಷ್ಟೇ ಬಿಸಿಯಿರುವ ಇನ್‌ಕ್ಯುಬೇಟರಿನಲ್ಲಿಟ್ಟೆ. ಬಾನೆಟ್ ಮೇಲೆ ಬಂದದ್ದಲ್ವಾ ಮೇಡಂ, ಮತ್ತೊಮ್ಮೆ ಕಳಿಸಿ ಅಂತ ಈಗಲೇ ಟೈಪ್ ಮಾಡಿಡಲಾ ಎಂದು ನಮ್ಮ ಟೆಕ್ನಿಶಿಯನ್ ಹುಡುಗಿ ಕೇಳಿದಳು. ನಾಳೆ ನೋಡೋಣ ಎಂದೆ.

ಮರುದಿನ ಬೆಳಿಗ್ಗೆ ಪ್ಲೇಟು ತೆಗೆದವಳು ಹಾಗೇ ನಿಂತೆ. ಬಾನೆಟ್ ಮೇಲೆ ಬಂದದ್ದು ಯಾವಾಗಲೂ ಸಂತೆಯ ಹಾಗೆ ಬೆಳೆಯುತ್ತದೆ. ಬಿಳಿಯದು, ಬೂದು ಬಣ್ಣದ್ದು, ಒದ್ದೆಯದು, ಒಣಕಲು, ಎಲ್ಲ ಬಗೆಯವೂ ಒಂದರ ಮೇಲೊಂದು. ಇಲ್ಲಿ ಇದ್ದದ್ದು ಒಂದೇ ಬಗೆ. ದುಂಡಗೆ, ನುಣ್ಣಗೆ, ಪ್ಲೇಟಿನ ತುಂಬ ಹೊಂಬಣ್ಣ. ಒಂದನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಮೈಕ್ರೊಸ್ಕೋಪಿನಲ್ಲಿ ನೋಡಿದೆ. ನೇರಳೆ ಬಣ್ಣದ ದುಂಡು ಕಾಳುಗಳು, ದ್ರಾಕ್ಷಿಗೊಂಚಲಿನ ಹಾಗೆ. ಇನ್ನೊಂದನ್ನು ಒಂದು ಹನಿ ಪ್ಲಾಸ್ಮಾದಲ್ಲಿ ಕಲಸಿದೆ. ಕಲಸುತ್ತಿದ್ದಂತೆಯೇ ಒಡೆದ ಹಾಲಿನಂತೆ ಗರಣೆ ಗರಣೆಯಾಯಿತು. ಸ್ಟ್ಯಾಫಿಲೊಕಾಕಸ್ ಆರಿಯಸ್. ಕುರು, ಕೀವುಗಾಯಗಳಲ್ಲಿ ಇರಬೇಕಾದದ್ದು ಮೂತ್ರದಲ್ಲಿ ಬಂದು ಕೂತಿತ್ತು.

ಉರಿಮೂತ್ರದ ಮಾಮೂಲಿ ಕ್ರಿಮಿಗಳು ಕೆಳಗಿನಿಂದ ಮೇಲಕ್ಕೆ ಹತ್ತುತ್ತವೆ. ಮೂತ್ರನಾಳಕ್ಕೆ ಟ್ಯೂಬು ಹಾಕಿಸಿಕೊಂಡವರಲ್ಲಿ ಈ ಸ್ಟ್ಯಾಫ್ ಕೂಡ ಹಾಗೆ ಹತ್ತುವುದುಂಟು. ಟ್ಯೂಬು ಇಲ್ಲದವರಲ್ಲಿ ಅದು ಕಾಣಿಸಿಕೊಂಡರೆ ಮಾತ್ರ ನಮ್ಮಂಥವರು ಎಚ್ಚೆತ್ತುಕೊಳ್ಳುತ್ತೇವೆ. ಅದು ಕೆಳಗಿನಿಂದ ಹತ್ತಿದ್ದಲ್ಲ, ಮೇಲಿನಿಂದ ಇಳಿದದ್ದಿರಬಹುದು. ಎಂದರೆ, ರಕ್ತದಲ್ಲಿ ಹರಿಯುತ್ತಾ ಕಿಡ್ನಿಗೆ ಬಂದು ಅಲ್ಲಿಂದ ಸೋರಿದ್ದು. ರಕ್ತದಲ್ಲಿ ಈ ಕ್ರಿಮಿ ಓಡಾಡುತ್ತಿದ್ದರೆ ಹೃದಯದ ಕವಾಟವನ್ನು ತಿನ್ನಬಹುದು, ಬೆನ್ನುಮೂಳೆಯಲ್ಲಿ ಕೀವು ಕಟ್ಟಬಹುದು. ತಡವಾದರೆ ಮನುಷ್ಯ ಉಳಿಯುವುದಿಲ್ಲ.

ಪದ್ಧತಿಯ ಪ್ರಕಾರ ನಾನು ಉಳಿದ ಪರೀಕ್ಷೆಗಳನ್ನೆಲ್ಲ ಮುಗಿಸಿ, ಮರುದಿನ ರಿಪೋರ್ಟು ಕಳಿಸಬೇಕಿತ್ತು. ಸ್ಯಾಂಪಲ್ ಬಂದ ರೀತಿ ನೋಡಿದರೆ ಅದನ್ನೂ ಕಳಿಸದೆ ಇನ್ನೊಂದು ಬಾಟಲಿ ಕೇಳಬಹುದಿತ್ತು. ಎರಡನ್ನೂ ಬಿಟ್ಟು ಫೋನ್ ಎತ್ತಿಕೊಂಡೆ.

ಹೊಸನಗರದ ವೈದ್ಯರು ಹಿರಿಯರು, ಸಮಾಧಾನದ ಮನುಷ್ಯ. ಬಾನೆಟ್ ಮೇಲೆ ಬಂದದ್ದನ್ನು ನಂಬಬೇಡಿ ಅಂತ ನೀವೇ ಹೇಳ್ತೀರಲ್ಲ ಎಂದು ನಗುತ್ತಾ ಕೇಳಿದರು. ಕೇಳಬೇಕಾದ ಪ್ರಶ್ನೆಯೇ.

"ಬಾನೆಟ್ಟಿಗೆ ಸಂಖ್ಯೆ ಹೆಚ್ಚು ಮಾಡೋಕೆ ಬರುತ್ತೆ ಸಾರ್, ಜಾತಿ ಬದಲಾಯಿಸೋಕೆ ಬರಲ್ಲ," ಎಂದೆ. "ಪ್ಲೇಟಿನ ತುಂಬ ಇದೊಂದೇ ಇದೆ."

ಅವರ ನಗು ನಿಂತಿತು. ಟ್ಯೂಬು ಹಾಕಿದ್ದಾರಾ, ಕಲ್ಲಿನ ಆಪರೇಷನ್ ಏನಾದರೂ ಆಗಿದೆಯಾ ಎಂದು ಕೇಳಿದೆ. ಯಾವುದೂ ಇಲ್ಲವೆಂದರು. ತಾವು ಕೊಟ್ಟದ್ದು ಮೂತ್ರದಲ್ಲಷ್ಟೇ ಕೆಲಸ ಮಾಡುವ ಮಾತ್ರೆ, ರಕ್ತಕ್ಕೆ ಅದು ಸಾಲದು, ಈಗಲೇ ಕರೆಸಿ ಅಡ್ಮಿಟ್ ಮಾಡಿಸೋಣ ಎಂದರು. ಅಷ್ಟು ಬೇಗ ಒಪ್ಪಿದ್ದು ನೋಡಿ ಅವರ ಕಾಲಿಗೆ ಬೀಳಬೇಕೆನ್ನಿಸಿತು.

ಕಂಡಕ್ಟರ ಮೊಬೈಲಿಗೆ ಫೋನ್ ಮಾಡಿದರೆ ಎತ್ತಿದ್ದು ಅವರ ಹೆಂಡತಿ.

"ಅವ್ರು ಎಲ್ಲಿದಾರೆ ಡಾಕ್ಟ್ರಮ್ಮ, ತೀರ್ಥಹಳ್ಳಿಗೆ ಹೋದ್ರು. ಫೋನ್ ಚಾರ್ಜಿಗೆ ಹಾಕಿದ್ದು ಇಲ್ಲೇ ಮರ್ತಿದಾರೆ. ಅಕ್ಕನ ಮಗಳ ಸೀಮಂತ ನಾಳೆ. ಸೋದರಮಾವ ಸೀರೆ, ಬಳೆ ತಗಂಡು ಹೋಗ್ದೇ ಇದ್ರೆ ಆಗ್ತದಾ? ಜ್ವರ ಬಿಟ್ಟಿತ್ತು ಬೆಳಿಗ್ಗೆ. ನಾ ಬ್ಯಾಡ ಅಂದೆ, ಕೇಳ್ಬೇಕಲ್ಲ."

ಮೈಮೇಲೆ ಎಲ್ಲಾದರೂ ಗಾಯ, ಕುರು ಏನಾದರೂ ಇದೆಯಾ ಎಂದು ಕೇಳಿದೆ. ಆಕೆ ಸ್ವಲ್ಪ ಯೋಚಿಸಿ, ಎಡ ಹೆಗಲ ಮೇಲೆ ಬ್ಯಾಗಿನ ಪಟ್ಟಿ ತಿಕ್ಕೋ ಜಾಗದಲ್ಲಿ ಒಂದು ಕುರು ಎದ್ದಿತ್ತು, ಅರಿಶಿನ ಹಚ್ಚಿದ್ದೆ, ಅದರ ಮೇಲೇ ಬ್ಯಾಗು ಹಾಕ್ಕಂಡು ಹೋಗ್ತಿದ್ರು ಎಂದರು. ಎಲ್ಲ ಒಂದಕ್ಕೊಂದು ಕೂಡಿಕೊಂಡಿತು. ಕುರುವಿನಿಂದ ರಕ್ತಕ್ಕೆ, ರಕ್ತದಿಂದ ಕಿಡ್ನಿಗೆ, ಅಲ್ಲಿಂದ ನನ್ನ ಪ್ಲೇಟಿಗೆ.

ಬಿಳಿ ಕೋಟು ತೆಗೆಯುವುದನ್ನೂ ಮರೆತು ಬಸ್ ಸ್ಟ್ಯಾಂಡಿಗೆ ಓಡಿದೆ. ಹೊಸನಗರದ ಬಸ್ಸು ಹೊರಡುವುದರಲ್ಲಿತ್ತು. ಡ್ರೈವರು ನನ್ನನ್ನು ಕಂಡವರೇ, ಇವತ್ತು ಬಾಟಲಿ ಇಲ್ಲವಲ್ಲ, ಬೈಗುಳ ಯಾಕೆ ಎಂಬ ಮುಖ ಮಾಡಿದರು. ವಿಷಯ ಹೇಳಿದೆ. ಅವರ ಮುಖ ಸಪ್ಪಗಾಯಿತು. ಒಂದೇ ಬಸ್ಸಿನಲ್ಲಿ ಕೂಡಿ ದುಡಿದವರು, ಊಟದ ಡಬ್ಬಿ ಹಂಚಿಕೊಂಡು ಉಂಡವರು.

"ನೀವ್ ಗಾಬ್ರಿ ಆಗ್ಬ್ಯಾಡಿ ಡಾಕ್ಟ್ರಮ್ಮ. ಬಸ್ಸಲ್ಲಿ ಹೋದ ಮನ್ಷ ಎಲ್ಲಿಗ್ ಹೋಗ್ತಾನೆ? ಹಿಡ್ಸ್ತೀನಿ," ಎಂದರು.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ. ಅವರು ರಿಪ್ಪನ್‌ಪೇಟೆ ಸ್ಟ್ಯಾಂಡಿನ ಬಸ್ ಏಜೆಂಟನಿಗೆ ಫೋನ್ ಹಾಕಿದರು. ನಮ್ಮ ಕಂಡಕ್ಟರು ಅಲ್ಲಿ ಹಸಿರು ಬಳೆ ಕೊಂಡು, ಚಹಾ ಕುಡಿದು, ತೀರ್ಥಹಳ್ಳಿ ಬಸ್ಸು ಹತ್ತಿಯಾಗಿತ್ತು. ಆ ಬಸ್ಸಿನವರಿಗೆ ಫೋನ್ ಹೋಗಲಿಲ್ಲ, ಕೋಣಂದೂರಿನ ಈಚೆ ಸಿಗ್ನಲ್ ಇಲ್ಲದ ಕಡೆ ಇದ್ದರು. ಏಜೆಂಟ ಸುಮ್ಮನೆ ಕೂರಲಿಲ್ಲ. ಎದುರಿನಿಂದ ಬರುವ ಬಸ್ಸಿನವರಿಗೆ ಕೋಣಂದೂರಿನಲ್ಲಿ ಸುದ್ದಿ ಮುಟ್ಟಿಸಿದ. ಎರಡು ಬಸ್ಸುಗಳೂ ದಾರಿಯಲ್ಲಿ ಎದುರಾಗಿ, ಕಿಟಕಿಗೆ ಕಿಟಕಿ ತಾಗಿಸಿ ನಿಂತವು. ಇಂಥವರು ನಿಮ್ಮಲ್ಲಿ ಇದ್ದಾರಾ? ಇದ್ದಾರೆ. ಅವರನ್ನು ಎಲ್ಲೂ ಇಳಿಸಬೇಡಿ, ಸೀದಾ ಆಸ್ಪತ್ರೆ ಗೇಟಿಗೆ ಒಯ್ಯಿರಿ, ಸಾಗರದ ಡಾಕ್ಟ್ರಮ್ಮನ ಆರ್ಡರು. ಕೊನೆಗೆ ಉತ್ತರ ಸುತ್ತಿ ಸುತ್ತಿ ನನ್ನ ಮೊಬೈಲಿಗೆ ಬಂತು. ಮತ್ತೆ ಚಳಿ ಶುರುವಾಗಿ ಗಡಗಡ ನಡುಗುತ್ತಿದ್ದರಂತೆ, ಕಂಬಳಿ ಹೊದೆಸಿ ಬಾನೆಟ್ ಮೇಲೆ ಕೂರಿಸಿದ್ದಾರಂತೆ.

"ಬಾನೆಟ್ ಮೇಲಾ?" ಎಂದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನಾನು ಹೇಳಿ ಕಳಿಸಿದ್ದು ತೀರ್ಥಹಳ್ಳಿಯಲ್ಲಿರುವ ನನ್ನ ಗೆಳತಿಯ ಆಸ್ಪತ್ರೆಗೆ. ನನ್ನ ಜೊತೆ ಓದಿದವಳು, ಫಿಸಿಶಿಯನ್. ರಕ್ತದಲ್ಲಿನ ಕ್ರಿಮಿ ಬೆಳೆಸಲು ನಾನು ಕೊಟ್ಟಿಟ್ಟಿದ್ದ ಕಲ್ಚರ್ ಬಾಟಲಿಗಳು ಅವಳಲ್ಲಿದ್ದವು. ಬಸ್ಸು ಪ್ರಯಾಣಿಕರ ಸಮೇತ ಅವಳ ಆಸ್ಪತ್ರೆಯ ಗೇಟಿಗೆ ಬಂದು ನಿಂತಾಗ, ನಮ್ಮ ಕಂಡಕ್ಟರು ಸೀರೆ ಬಳೆ ಮನೆಗೆ ಮುಟ್ಟದೆ ತಾನು ಇಳಿಯುವುದಿಲ್ಲ ಎಂದು ಹಟ ಹಿಡಿದರಂತೆ. ಅಲ್ಲಿನ ಏಜೆಂಟ ಆ ಗಂಟನ್ನು ಹಿಡಿದು ಅಕ್ಕನ ಮನೆಗೆ ನಡೆದ ಮೇಲೆಯೇ ಇಳಿದದ್ದು. ಗೆಳತಿ ಎರಡೂ ತೋಳುಗಳಿಂದ ಬೇರೆ ಬೇರೆಯಾಗಿ ರಕ್ತ ತೆಗೆದು ಬಾಟಲಿಗಳಿಗೆ ತುಂಬಿದಳು. ಆಮೇಲಷ್ಟೇ ಇಂಜೆಕ್ಷನ್ ಶುರು ಮಾಡಿದಳು. ಔಷಧಿ ಮೊದಲು ಹೋದರೆ ಬಾಟಲಿಯಲ್ಲಿ ಏನೂ ಬೆಳೆಯದೇ ಹೋಗಬಹುದು.

ಈಗ ಬಾಟಲಿಗಳು ನನ್ನಲ್ಲಿಗೆ ಬರಬೇಕು. ರಕ್ತದ ಬಾಟಲಿಯ ನಿಯಮ ಮೂತ್ರದ್ದಕ್ಕೆ ತಿರುಗಾಮುರುಗಾ. ಅದನ್ನು ಐಸಿನಲ್ಲಿ ಇಡಲೇಬಾರದು. ಒಳಗಿನ ಒಂದೋ ಎರಡೋ ಕ್ರಿಮಿ ಚಳಿಗೆ ಮುದುಡಿಕೊಂಡರೆ ಬೆಳೆಯುವುದಿಲ್ಲ. ತೀರ್ಥಹಳ್ಳಿ ಬಸ್ಸಿನ ಕಂಡಕ್ಟರು, ನಾನು ಹೇಳಿದಂತೆ, ಟಿಕೆಟ್ ಬ್ಯಾಗಿನಲ್ಲಿ, ಮೈಗೆ ತಾಗಿಸಿಕೊಂಡು ರಿಪ್ಪನ್‌ಪೇಟೆಯವರೆಗೆ ತಂದರು. ಅಲ್ಲಿಂದ ಸಾಗರಕ್ಕೆ ತರಬೇಕಾದವನು ಹೊಸ ಕಂಡಕ್ಟರು. ಐಸ್ ಬೇಡ, ಬೆಚ್ಚಗೆ ಬರಲಿ ಎಂದು ಅವನಿಗೂ ಫೋನಿನಲ್ಲಿ ಒತ್ತಿ ಒತ್ತಿ ಹೇಳಿದ್ದೆ.

ಬಾಟಲಿ ಬಂತು. ಮೀನಿನ ಪೆಟ್ಟಿಗೆಯಲ್ಲಿ. ಐಸಿನ ಮಧ್ಯೆ. ಕುಲ್ಫಿಯ ಹಾಗೆ.

ನನ್ನ ಮುಖ ನೋಡಿ ಹುಡುಗ ಎರಡು ಹೆಜ್ಜೆ ಹಿಂದೆ ಸರಿದ. "ಮೇಡಂ, ನಿನ್ನೆ ಬೆಚ್ಚಗೆ ತಂದಿದ್ದಕ್ಕೆ ಸ್ಟ್ಯಾಂಡಲ್ಲಿ ಎಲ್ರೂ ನಂಗೆ ಬೈದ್ರು. ಇವತ್ ನೀವೇ ಬೆಚ್ಚಗೆ ತಾ ಅಂದ್ರಿ. ನನ್ನ ಪರೀಕ್ಷೆ ಮಾಡ್ತಾ ಇದೀರ ಅಂತ ಅಂದ್ಕಂಡೆ," ಎಂದ.

ಬೈಯಬೇಕೆಂದು ಬಾಯಿ ತೆರೆದವಳಿಗೆ ನಗು ಬಂದುಬಿಟ್ಟಿತು. ಇಷ್ಟು ವರ್ಷ ಊರಿಗೆಲ್ಲ ತಣ್ಣಗೆ ತನ್ನಿ, ತಣ್ಣಗೆ ತನ್ನಿ ಎಂದು ಪಾಠ ಮಾಡಿದವಳು ನಾನೇ. ಅವನು ಕಲಿತ ಪಾಠವನ್ನು ಚಾಚೂ ತಪ್ಪದೆ ಒಪ್ಪಿಸಿದ್ದ. ಅವನಿಗೆ ಒಂದು ಲೋಟ ಚಹಾ ಕೊಡಿಸಿ ಕಳಿಸಿದೆ. ಬಾಟಲಿಗಳನ್ನು ಒರೆಸಿ ಇನ್‌ಕ್ಯುಬೇಟರಿನಲ್ಲಿಟ್ಟು, ದೇವರೇ ನೀನೇ ಕಾಯಪ್ಪ ಎಂದೆ. ಮತ್ತೆ ರಕ್ತ ತೆಗೆಸೋಣವೆಂದರೆ ಇಂಜೆಕ್ಷನ್ ಮೈಗೆ ಹೋಗಿಯಾಗಿತ್ತು.

ಕಾಯುವ ದಿನಗಳು ಶುರುವಾದವು. ಇಂಜೆಕ್ಷನ್ನಿಗೆ ಕಂಡಕ್ಟರ ಜ್ವರ ಇಳಿಯಿತು. ಒಳ್ಳೆಯದೇ. ಆದರೆ ಜ್ವರ ಇಳಿದದ್ದೇ ತಡ, ಡ್ಯೂಟಿಗೆ ಹೋಗಬೇಕು, ನನ್ನನ್ನು ಬಿಡಿ ಎಂದು ಗಲಾಟೆ ಎಬ್ಬಿಸಿದರು. ಮಾಮೂಲಿ ಮೂತ್ರದ ಸೋಂಕಾದರೆ ಕೆಲವು ದಿನದ ಮಾತ್ರೆ ಸಾಕು. ರಕ್ತದ್ದಾದರೆ ವಾರಗಟ್ಟಲೆ ಇಂಜೆಕ್ಷನ್ ಆಗಬೇಕು, ಕ್ರಿಮಿ ಎಲ್ಲೆಲ್ಲಿ ಅವಿತುಕೊಂಡಿದೆ ಎಂದು ಹುಡುಕಬೇಕು. ಅರ್ಧಕ್ಕೆ ಎದ್ದು ಹೋದರೆ ಅದು ಮತ್ತೆ ಹೆಡೆ ಎತ್ತುತ್ತದೆ, ಎರಡನೆಯ ಸಲ ಕೇಳಿಕೊಂಡು ಬರುವುದಿಲ್ಲ.

"ನೀನು ರಕ್ತದಲ್ಲಿ ತೋರಿಸು, ನಾನು ಕಟ್ಟಿ ಹಾಕ್ತೀನಿ. ಬರೀ ಮೂತ್ರದ ರಿಪೋರ್ಟ್ ಇಟ್ಕೊಂಡು ಅವರನ್ನ ಎಷ್ಟು ದಿನ ಹಿಡಿಯಲಿ ಮಾರಾಯ್ತಿ?" ಎಂದಳು ಗೆಳತಿ.

ಸೀಮಂತದ ದಿನ ಹಸಿರು ಸೀರೆ, ಕೈತುಂಬ ಹಸಿರು ಬಳೆಯ ತುಂಬುಬಸುರಿ ವಾರ್ಡಿಗೇ ಬಂದಳಂತೆ. ಸೋದರಮಾವ ಮಂಚದ ಮೇಲೆಯೇ ಎದ್ದು ಕೂತು, ಸೂಜಿ ಚುಚ್ಚಿದ ಕೈಯಲ್ಲಿ ಅಕ್ಷತೆ ಹಾಕಿದರಂತೆ. ಪಕ್ಕದ ಮಂಚದವರಿಗೆಲ್ಲ ಹೋಳಿಗೆ ಸಿಕ್ಕಿತಂತೆ. ನನ್ನ ಗೆಳತಿಗೆ ಎರಡು. ಇಷ್ಟನ್ನೂ ಅವಳು ಫೋನಿನಲ್ಲಿ ಹೋಳಿಗೆ ತಿನ್ನುತ್ತಲೇ ಹೇಳಿದಳು, ನನಗೆ ಹೊಟ್ಟೆ ಉರಿಯಿತು.

ನಾನು ಮಾತ್ರ ಗಳಿಗೆಗೊಮ್ಮೆ ಬಾಟಲಿ ತೆಗೆದು ಬೆಳಕಿಗೆ ಹಿಡಿಯುತ್ತಿದ್ದೆ. ಕೆಳಗೆ ಕೆಂಪಗೆ ರಕ್ತ, ಮೇಲೆ ತಿಳಿ. ಎಷ್ಟು ನೋಡಿದರೂ ತಿಳಿ. ಹೀಗೆ ಗಳಿಗೆಗೊಮ್ಮೆ ಮುಚ್ಚಳ ತೆಗೆದರೆ ಅನ್ನವೂ ಬೇಯಲ್ಲ ಮೇಡಂ ಎಂದು ಟೆಕ್ನಿಶಿಯನ್ ಹುಡುಗಿ ಛೇಡಿಸಿದಳು. ನಾಳೆಗೆ ಏನೂ ಕಾಣದಿದ್ದರೆ ಬಿಡ್ತೀನಿ ಎಂದು ಗೆಳತಿ ಹೇಳಿದ ಮರುದಿನ ಬೆಳಿಗ್ಗೆ, ಎರಡೂ ಬಾಟಲಿಗಳಲ್ಲಿ ಆ ತಿಳಿ ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗಿತ್ತು. ಒಂದು ಹನಿ ಗಾಜಿನ ಮೇಲೆ. ಬಣ್ಣ. ಮೈಕ್ರೊಸ್ಕೋಪು. ನೇರಳೆ ದ್ರಾಕ್ಷಿಗೊಂಚಲು.

ಕುಣಿದೆ. ಸುಳ್ಳು ಯಾಕೆ ಹೇಳಲಿ, ಟೆಕ್ನಿಶಿಯನ್ ಹುಡುಗಿಯ ಎರಡೂ ಕೈ ಹಿಡಿದು ಲ್ಯಾಬಿನ ಮಧ್ಯೆ ಒಂದು ಸುತ್ತು ಕುಣಿದೆ. ಪರಿಚಯದ ಮನುಷ್ಯನ ರಕ್ತದಲ್ಲಿ ಕ್ರಿಮಿ ಇದೆ ಎಂದು ಕುಣಿಯುವ ವಿಚಿತ್ರ ಕಸುಬು ನಮ್ಮದು. ಕಂಡರೆ ತಾನೇ ಕೊಲ್ಲುವುದು! ಪ್ಲೇಟಿನ ಮೇಲೆ ಔಷಧಿಯ ಬಿಲ್ಲೆಗಳನ್ನಿಟ್ಟು ಮರುದಿನ ನೋಡಿದರೆ, ಕ್ರಿಮಿ ಅವುಗಳ ಸುತ್ತ ಬೆಳೆಯದೆ ಅಗಲವಾಗಿ ಖಾಲಿ ಜಾಗ ಬಿಟ್ಟಿತ್ತು. ಹಳೆಯ, ಎಲ್ಲ ಕಡೆ ಸಿಗುವ ಔಷಧಿಗೇ ಬಗ್ಗುವಂಥದ್ದು. ಆ ಖುಷಿಗೆ ಬೇಕರಿಯಿಂದ ಬೆಣ್ಣೆ ಬಿಸ್ಕತ್ತು ತರಿಸಿದೆ.

ಗೆಳತಿ ಅವರನ್ನು ಶಿವಮೊಗ್ಗಕ್ಕೆ ಕಳಿಸಿ ಸ್ಕ್ಯಾನ್ ಮಾಡಿಸಿದಳು. ಹೃದಯದ ಕವಾಟ ಚೊಕ್ಕ. ಬೆನ್ನುಮೂಳೆಯ ಪಕ್ಕ ಮಾತ್ರ ಸಣ್ಣದೊಂದು ಕೀವಿನ ಗೂಡು ಕಟ್ಟಲು ಶುರುವಾಗಿತ್ತು. ರಸ್ತೆಯ ಹೊಂಡದ್ದು ಎಂದು ಎಲ್ಲರೂ ಅಂದುಕೊಂಡಿದ್ದ ಸೊಂಟನೋವು ಅದು. ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಕಾಲಿನ ಶಕ್ತಿಯೇ ಹೋಗುತ್ತಿತ್ತು ಎಂದು ಗೆಳತಿ ಹೇಳಿದಳು. ದಿನವಿಡೀ ನಿಂತೇ ಬದುಕುವ ಮನುಷ್ಯ.

ಒಂದು ಭಾನುವಾರ ಕಂಡಕ್ಟರನ್ನು ನೋಡಿ ಬರಲು ತೀರ್ಥಹಳ್ಳಿಗೆ ಹೋದೆ. ಉಚ್ಚೆಯಲ್ಲಿ ಸಿಕ್ಕಿದ್ದು ರಕ್ತದ್ದು ಅಂತ ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದರು. ಮಾಮೂಲಿ ಕ್ರಿಮಿಗಳು ಕೆಳಗಿನ ಸ್ಟಾಪಿನಲ್ಲಿ ಹತ್ತುತ್ತವೆ, ಇದು ಮೇಲಿನಿಂದ ಬಂದು ಇಳಿದದ್ದು, ಮುಖ ನೋಡಿದ ಕೂಡಲೇ ಈ ಸ್ಟಾಪಿನದಲ್ಲ ಎಂದು ಗೊತ್ತಾಯಿತು ಎಂದೆ.

"ಹಂಗಾದ್ರೆ ಟಿಕೆಟ್ ಇಲ್ದೇ ಬಂದಿದ್ದು," ಎಂದು ನಕ್ಕರು. ಪಕ್ಕದಲ್ಲಿದ್ದ ಹೆಂಡತಿ ನಗಲಿಲ್ಲ. ನನ್ನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು ಬಹಳ ಹೊತ್ತು ಬಿಡಲೇ ಇಲ್ಲ.

ಕ್ರಿಮಿ ಹೋಯಿತೇ ಎಂದು ನೋಡಲು ಆಮೇಲೆ ತೆಗೆದ ರಕ್ತದ ಬಾಟಲಿಗಳು ಟಿಕೆಟ್ ಬ್ಯಾಗಿನಲ್ಲೇ ಬಂದವು, ಬೆಚ್ಚಗೆ. ದಿನ ದಿನವೂ ಬೆಳಕಿಗೆ ಹಿಡಿದು ನೋಡಿದೆ. ಕೊನೆಯ ದಿನದವರೆಗೂ ತಿಳಿಯಾಗಿಯೇ ಇದ್ದವು. ಏನೂ ಬೆಳೆಯದ ಬಾಟಲಿ ಅಷ್ಟು ಚಂದ ಕಾಣುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಮಳೆಗಾಲ ಜೋರಾಗುವ ಹೊತ್ತಿಗೆ ಅವರು ಡ್ಯೂಟಿಗೆ ಬಂದರು. ಬ್ಯಾಗಿನ ಪಟ್ಟಿಗೆ ಹೆಂಡತಿ ಹತ್ತಿಯ ಮೆತ್ತೆ ಹೊಲಿದಿದ್ದರು. ಬಂದವರೇ ನನ್ನ ಮೇಜಿನ ಮೇಲೆ ಮೀನಿನ ಪೆಟ್ಟಿಗೆ ಇಟ್ಟು, ಅದರ ಪಕ್ಕ ಒಂದು ಸಕ್ಕರೆ ಪೊಟ್ಟಣ ಇಟ್ಟರು. ಅಕ್ಕನ ಮಗಳಿಗೆ ಹೆಣ್ಣು ಮಗು. ನಾಮಕರಣಕ್ಕೆ ನೀವು ಬರಲೇಬೇಕು, ರಿಪ್ಪನ್‌ಪೇಟೆಯವರೆಗೆ ನನ್ನದೇ ಬಸ್ಸು, ಅಲ್ಲಿಂದ ಮುಂದೆ ನಾನೂ ರಜೆ ಹಾಕಿ ನಿಮ್ಮ ಜೊತೆಗೆ ಎಂದರು.

ನಾಮಕರಣದ ದಿನ ಮಳೆ ಹಿಡಿದಿತ್ತು. ಕೊಡೆ ಇದ್ದೂ ತೊಯ್ದು, ಹಲ್ಲು ಕಟಕಟ ಅನ್ನಿಸಿಕೊಂಡು ಬಸ್ ಹತ್ತಿದರೆ ಕಾಲಿಡಲು ಜಾಗವಿಲ್ಲ. ಮುಂದೆ ಬನ್ನಿ, ಮುಂದೆ ಬನ್ನಿ ಎಂದು ಕಂಡಕ್ಟರು ಜನರನ್ನು ಸರಿಸಿಕೊಂಡು ಡ್ರೈವರಿನ ಹತ್ತಿರ ಕರೆದೊಯ್ದರು. ಬಾನೆಟ್ ಮೇಲೆ ಒಬ್ಬ ಅಜ್ಜಿ, ಒಂದು ಎಳೆಕೂಸಿನ ತಾಯಿ ಕೂತಿದ್ದರು. ಅವರ ಪಕ್ಕ ಒಬ್ಬರು ಕೂರುವಷ್ಟು ಜಾಗವನ್ನು ಟವೆಲ್ ಹಾಸಿ ಕಾದಿರಿಸಿದ್ದರು.

"ಬಾನೆಟ್ ಮೇಲಾ, ನಾನಾ?" ಎಂದೆ. ಡ್ರೈವರು ಕನ್ನಡಿಯಲ್ಲಿ ನೋಡಿ ನಗುತ್ತಿದ್ದರು.

"ರಕ್ತ ಬೆಚ್ಚಗಿರ್ಬೇಕು ಅಂತ ನೀವೇ ಹೇಳಿದ್ದಲ್ವಾ ಡಾಕ್ಟ್ರಮ್ಮ," ಎಂದರು ಕಂಡಕ್ಟರು. "ಕೂತ್ಕಳಿ."

ಕೂತೆ. ಅಡಿಯಿಂದ ಎಂಜಿನ್ನಿನ ಬಿಸಿ ಒದ್ದೆ ಸೀರೆಯೊಳಗೆ ಮೆಲ್ಲಗೆ ಏರಿತು. ಅಜ್ಜಿ ಸರಿದು ನನಗೆ ಇನ್ನಷ್ಟು ಜಾಗ ಬಿಟ್ಟಳು. ಇಡೀ ಬಸ್ಸಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಕಂಡಕ್ಟರು ಸೀಟಿ ಊದಿದರು.